ಎರಡು ಹೆಸರಿನ ಬಿಲ್ಲೆಗಳು

1967ರಲ್ಲಿ ಬೆಂಗಳೂರಿನಿಂದ ಒಂದು ಆನೆಮರಿ ವಿಮಾನವೇರಿ ಜಿನೀವಾಕ್ಕೆ ಹೋಯಿತು. ಜತೆಗೊಬ್ಬ ಮಾವುತ. ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಲ ದಂಡೆಯ ಕಡಾಕೆಸ್ ಎಂಬ ಊರಿಗೆ, ಚಿತ್ರಕಾರ ಸಾಲ್ವಡಾರ್ ಡಾಲಿಯ ಬಳಿಗೆ. ಕಳಿಸಿದವರು ಮುಂಬಯಿಯ ಏರ್ ಇಂಡಿಯಾದವರು. ಕಂಪನಿಗಾಗಿ ಡಾಲಿ ಒಂದು ಆಶ್‌ಟ್ರೇಯ ವಿನ್ಯಾಸ ಮಾಡಿಕೊಟ್ಟಿದ್ದ. ಸಂಭಾವನೆ ಎಷ್ಟೆಂದು ಕೇಳಿದ್ದಕ್ಕೆ ದುಡ್ಡು ಬೇಡ, ಆನೆಮರಿ ಕೊಡಿ ಅಂದಿದ್ದ. ಕೊಟ್ಟರು. ಆ ಮರಿ ಕೊನೆಗೆ ವೆಲೆನ್ಸಿಯಾದ ಮೃಗಾಲಯ ಸೇರಿತು.

ಆಶ್‌ಟ್ರೇಯಾದರೂ ಎಂಥದ್ದು? ನಡುವೆ ಚಿಪ್ಪಿನಾಕಾರದ ಪಿಂಗಾಣಿ ತಟ್ಟೆ, ಅಂಚಿಗೆ ಸುತ್ತಿಕೊಂಡ ಹಾವು, ಕೆಳಗೆ ಭಾರ ಹೊತ್ತ ಆನೆ ಮತ್ತು ಹಂಸ. ಬೋರಲು ಹಾಕಿದರೆ ಆನೆ ಹಂಸವಾಗುತ್ತದೆ, ಹಂಸ ಆನೆಯಾಗುತ್ತದೆ. ತಯಾರಾದದ್ದು ಸುಮಾರು 500. ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆಯಾಗಿ ಹೋದವು. ಸಿಗರೇಟಿನ ಬೂದಿ ಉದುರಿಸಲೆಂದು ಪುಕ್ಕಟೆ ಕೊಟ್ಟ ಆ ವಸ್ತು ಈಗ ದೊಡ್ಡ ಹರಾಜು ಮನೆಗಳಿಗೆ ಬರುತ್ತದೆ.

ಕಂಪನಿಗಳು ಪ್ರಚಾರಕ್ಕೆಂದು ಹಂಚಿದ ವಸ್ತುಗಳನ್ನು ಕೂಡಿಡುವವರ ಲೋಕದಲ್ಲಿ ಈ ಆಶ್‌ಟ್ರೇಗೆ ಮೇಲಿನ ಮಣೆ. ಚಂದಕ್ಕಷ್ಟೇ ಅಲ್ಲ. ಅದು ಮಾರಾಟಕ್ಕೆಂದು ತಯಾರಾದದ್ದಲ್ಲ. ಅದಕ್ಕೆ ಅಂಟಿಕೊಂಡದ್ದು ಒಂದು ಹೆಸರಲ್ಲ, ಎರಡು: ಡಾಲಿ ಮತ್ತು ಏರ್ ಇಂಡಿಯಾ. ಅವರಿಬ್ಬರ ವ್ಯವಹಾರ ಮುಗಿದ ಮೇಲೆ ಎರಡೂ ಹೆಸರಿನ ಅಂಥದ್ದನ್ನು ಮತ್ತೆ ಮಾಡುವುದು ಸುಲಭವಲ್ಲ. ಈ ಮೂರೂ ಗುಣ ಒಂದೆಡೆ ಸೇರಿದರೆ ಎರಡು ರೂಪಾಯಿಯ ತಗಡಿನ ಬಿಲ್ಲೆಯೂ ಸಂಗ್ರಾಹಕರ ನಿದ್ದೆ ಕೆಡಿಸುತ್ತದೆ.

ಬಿಲ್ಲೆಯ ಹುಚ್ಚು ಅತಿಗೆ ಹೋಗಿರುವುದು ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ. ಹೊಸ ಸಹಸ್ರಮಾನದ ಸಂಭ್ರಮದ ನೆಪದಲ್ಲಿ 1999ರ ಅಕ್ಟೋಬರಿನಲ್ಲಿ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಪಿನ್ ವಿನಿಮಯ ಶುರುವಾಯಿತು. ನೌಕರರು ಕೊರಳಪಟ್ಟಿಯ ತುಂಬ ಬಣ್ಣಬಣ್ಣದ ಲೋಹದ ಪಿನ್ ಸಿಕ್ಕಿಸಿಕೊಂಡು ನಿಲ್ಲುತ್ತಾರೆ. ಬಂದವರು ತಮ್ಮಲ್ಲಿರುವ ಒಂದನ್ನು ಕೊಟ್ಟು ಅವರ ಪಟ್ಟಿಯಿಂದ ಒಂದನ್ನು ಕೇಳಬಹುದು. ಪಿನ್ನಿನ ಹಿಂಬದಿಯಲ್ಲಿ ಡಿಸ್ನಿಯ ಹಕ್ಕುಸ್ವಾಮ್ಯದ ಮುದ್ರೆ ಇರಬೇಕು, ಒಂದಕ್ಕೆ ಒಂದೇ, ನೌಕರರ ಜತೆ ದುಡ್ಡಿನ ಮಾತಿಲ್ಲ. ಡಿಸ್ನಿ ಪಾರ್ಕುಗಳಿರುವ ಆರ್ಲ್ಯಾಂಡೊ, ಅನಹೈಮ್ ಕಡೆ ಮಗಳ ಮನೆಗೆ ಹೋಗಿ ಬಂದ ಡೊಂಬಿವಲಿಯ ಅಜ್ಜ ಅಜ್ಜಿಯರ ಸೂಟ್‌ಕೇಸಿನಲ್ಲೂ ಇಂಥ ನಾಲ್ಕಾರು ಮಿಕ್ಕಿ ಮೌಸ್ ಬಂದಿರುತ್ತವೆ. ಮೊಮ್ಮಗ ಕೊಟ್ಟದ್ದು ಎಂಬ ಕಾರಣಕ್ಕೆ ಅವು ಷೋಕೇಸು ಸೇರುತ್ತವೆ.

ಅಂಗಡಿಯಲ್ಲಿ ಸಿಗುವ ಮಿಕ್ಕಿ ಪಿನ್ನುಗಳಿಗೆ ಹಳೇ ಸಂಗ್ರಾಹಕರು ಅಷ್ಟಾಗಿ ಸೊಪ್ಪು ಹಾಕುವುದಿಲ್ಲ. ಅವರು ಹುಡುಕುವುದು ಮಿಕ್ಕಿಯ ಪಕ್ಕದಲ್ಲಿ ಇನ್ನೊಂದು ಕಂಪನಿಯ ಲಾಂಛನ ಇರುವ ಪಿನ್ನನ್ನು. 1955ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದಾಗಲೇ ಅಲ್ಲಿ ಪರರ ಹೆಸರುಗಳಿದ್ದವು. ಚಂದ್ರಯಾನದ ಆಟಕ್ಕೆ ಟಿಡಬ್ಲ್ಯುಎ ವಿಮಾನ ಕಂಪನಿ, ಮಕ್ಕಳ ಕಾರು ಓಡಿಸುವ ಆಟಕ್ಕೆ ರಿಚ್‌ಫೀಲ್ಡ್ ಎಣ್ಣೆ ಕಂಪನಿ, ರೈಲಿಗೆ ಸಾಂಟಾ ಫೆ ರೈಲ್ವೆ. 1982ರಲ್ಲಿ ತೆರೆದ ಎಪ್‌ಕಾಟ್ ಪಾರ್ಕಿನಲ್ಲಂತೂ ಒಂದೊಂದು ಮಂಟಪದ ಖರ್ಚನ್ನು ಒಂದೊಂದು ಕಂಪನಿ ಹೊತ್ತಿತ್ತು: ಕಾರಿನ ಮಂಟಪಕ್ಕೆ ಜನರಲ್ ಮೋಟರ್ಸ್, ಇಂಧನದ್ದಕ್ಕೆ ಎಕ್ಸಾನ್, ಕಲ್ಪನಾಲೋಕಕ್ಕೆ ಕೊಡ್ಯಾಕ್. ಇಂಥ ಕಂಪನಿಗಳು ತಮ್ಮ ನೌಕರರಿಗೂ ಅತಿಥಿಗಳಿಗೂ ಕೊಡಲು ಮಾಡಿಸಿದ ಪಿನ್ನುಗಳು ಕೌಂಟರಿನಲ್ಲಿ ಮಾರಾಟಕ್ಕೆ ಬರುವ ಮಾಲಲ್ಲ.

ಕೊಡ್ಯಾಕ್ ಕಥೆಯೊಂದನ್ನೇ ನೋಡಿ. ಡಿಸ್ನಿಲ್ಯಾಂಡ್ ಹುಟ್ಟಿದ ದಿನದಿಂದ ಜತೆಗಿದ್ದ ಕಂಪನಿ ಅದು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು, ಒಪ್ಪಂದ ಮುರಿಯಿತು, ಮರುವರ್ಷ ಆ ಜಾಗಕ್ಕೆ ನಿಕಾನ್ ಬಂತು. ಅಲ್ಲಿಗೆ ಕೊಡ್ಯಾಕ್ ಮತ್ತು ಮಿಕ್ಕಿ ಒಟ್ಟಿಗಿರುವ ಪ್ರತಿಯೊಂದು ಪಿನ್ನಿಗೂ ಕಟ್ಟಕಡೆಯ ಗಡಿ ಬಿತ್ತು. ಟಿಡಬ್ಲ್ಯುಎ ಅಂತೂ 2001ರಲ್ಲೇ ಕಣ್ಮುಚ್ಚಿತು. ಪ್ರಾಯೋಜಕತ್ವ ಎಂಬುದು ಮುಂಬಯಿಯ ಬಾಡಿಗೆ ಫ್ಲ್ಯಾಟಿನ ಹನ್ನೊಂದು ತಿಂಗಳ ಕರಾರಿನಂಥದ್ದು, ಎಂದಾದರೂ ಖಾಲಿ ಮಾಡಲೇಬೇಕು. ಇಬ್ಬರ ಹೆಸರಿರುವ ಬಿಲ್ಲೆ ಆ ಕರಾರು ಚಾಲ್ತಿಯಲ್ಲಿದ್ದ ಕಾಲದ ಸಾಕ್ಷಿ. ಅದರ ವಯಸ್ಸು ಹೇಳಲು ಯಾವ ತಜ್ಞನೂ ಬೇಕಿಲ್ಲ.

ಪ್ರಚಾರಕ್ಕೆ ಬಿಲ್ಲೆ ಹಂಚುವ ಈ ಚಾಳಿ ಡಿಸ್ನಿಯವರ ಆವಿಷ್ಕಾರವೇನಲ್ಲ. 1893ರಲ್ಲಿ ಷಿಕಾಗೊದ ಮಹಾಪ್ರದರ್ಶನದಲ್ಲಿ ಉಪ್ಪಿನಕಾಯಿ ವ್ಯಾಪಾರಿ ಹೆನ್ರಿ ಹೈನ್ಜ್‌ಗೆ ಮಹಡಿಯ ಮೇಲೆ ಮಳಿಗೆ ಸಿಕ್ಕಿತ್ತು. ಮೆಟ್ಟಿಲು ಹತ್ತಿ ಬರುವವರೇ ಇಲ್ಲ. ಮೇಲೆ ಬಂದು ಈ ಚೀಟಿ ತೋರಿಸಿದವರಿಗೆ ಉಚಿತ ಉಡುಗೊರೆ ಎಂದು ಆತ ಪುಟ್ಟ ಚೀಟಿ ಹಂಚಿಸಿದ. ಉಡುಗೊರೆ ಎಂದರೆ ಉಪ್ಪಿನಕಾಯಿ ಸೌತೆಯ ಆಕಾರದ ಪುಟ್ಟ ಪದಕ. ಜನ ಮುಗಿಬಿದ್ದರು. ಸುಮಾರು ಹತ್ತು ಲಕ್ಷ ಹಂಚಿದನೆಂದು ಕಂಪನಿಯ ಚರಿತ್ರೆ ಹೇಳುತ್ತದೆ. ಮುಂದೆ ಅದೇ ಪಿನ್ನಾಯಿತು, ಇಂದಿಗೂ ಹೈನ್ಜ್ ಅದನ್ನು ಕೊಡುತ್ತದೆ. ಒಲಿಂಪಿಕ್ಸ್‌ನಲ್ಲಿ ಪಿನ್ ಅದಲುಬದಲು ಎಷ್ಟೋ ಕಾಲದಿಂದ ಇತ್ತು. ಅದಕ್ಕೆಂದೇ ಮೊದಲ ಅಧಿಕೃತ ವಿನಿಮಯ ಕೇಂದ್ರ ತೆರೆದದ್ದು ಕೋಕಾ-ಕೋಲಾ, 1988ರ ಕ್ಯಾಲ್ಗರಿ ಚಳಿಗಾಲದ ಕೂಟದಲ್ಲಿ.

ಮುಂಬಯಿ ಈ ಲೋಕಕ್ಕೆ ಹೊಸಬನಲ್ಲ, ಹೊರಗಿನವನೂ ಅಲ್ಲ. ದೇಶದ ಜಾಹೀರಾತು ಉದ್ಯಮ ಬೆಳೆದದ್ದೇ ಇಲ್ಲಿ. ಏರ್ ಇಂಡಿಯಾದ ಮೀಸೆಯ ಮಹಾರಾಜ 1946ರಲ್ಲಿ ಹುಟ್ಟಿದ್ದು ವಿಮಾನದೊಳಗೆ ಕೊಡುವ ಬರಹದ ಪುಟ್ಟ ಪ್ಯಾಡಿನ ಮೇಲೆ. ಕಲ್ಪನೆ ಕಂಪನಿಯ ಬಾಬಿ ಕೂಕಾ ಅವರದು, ರೇಖೆ ಜೆ. ವಾಲ್ಟರ್ ಥಾಮ್ಸನ್ ಏಜೆನ್ಸಿಯ ಮುಂಬಯಿ ಕಚೇರಿಯ ಕಲಾವಿದ ಉಮೇಶ್ ರಾವ್ ಅವರದು. ಪ್ಯಾಡಿನಿಂದ ಅವನು ಭಿತ್ತಿಚಿತ್ರಕ್ಕೆ, ಇಸ್ಪೀಟೆಲೆಗೆ, ಗೊಂಬೆಗೆ, ಪೋಸ್ಟ್ ಕಾರ್ಡಿಗೆ ನಡೆದ. ಬರೆದು ಹರಿದು ಬಿಸಾಡಲೆಂದು ಕೊಟ್ಟ ಹಾಳೆಯಿಂದ ಎದ್ದ ಆ ಮಹಾರಾಜನನ್ನೇ ಇಂದು ವಿದೇಶೀ ಸಂಗ್ರಾಹಕರೂ ಹುಡುಕುತ್ತಾರೆ.

ಆದರೆ ಜನಸಾಮಾನ್ಯರ ಮಕ್ಕಳಿಗೆ ವಿಮಾನ ಎಲ್ಲಿಂದ ಬರಬೇಕು? ಅವರ ಪಾಲಿಗೆ ಇದ್ದದ್ದು ಟೂತ್‌ಪೇಸ್ಟು, ಬಾಟಲಿ ಮುಚ್ಚಳ, ಬಬಲ್‌ಗಮ್ಮು.

ಬಿನಾಕಾ ಎಂದರೆ ಹಳಬರಿಗೆ ಅಮೀನ್ ಸಯಾನಿಯ ಗೀತಮಾಲಾ ನೆನಪಾಗುತ್ತದೆ. ಮಕ್ಕಳಿಗೆ ನೆನಪಿದ್ದದ್ದು ಪೇಸ್ಟಿನ ಪೆಟ್ಟಿಗೆಯೊಳಗೆ ಬರುತ್ತಿದ್ದ ಪ್ಲಾಸ್ಟಿಕ್ಕಿನ ಪುಟಾಣಿ ಪ್ರಾಣಿಗಳು. ಆನೆ, ಒಂಟೆ, ಜಿರಾಫೆ ಎಂದು ಬೆರಳ ತುದಿಯಷ್ಟು ಗಾತ್ರದವು. ಮುಂಬಯಿಯ ಸೀಬಾ ಕಂಪನಿಯ ಈ ಉಪಾಯದಿಂದ ಎಷ್ಟು ಮನೆಗಳಲ್ಲಿ ಪೇಸ್ಟು ಮುಗಿಯುವ ಮೊದಲೇ ಹೊಸ ಟ್ಯೂಬು ಬಂದಿತೋ! ಚಾಳಿನ ಮಕ್ಕಳು ಒಂಟೆಗೆ ಜಿರಾಫೆ ಬದಲಾಯಿಸಿಕೊಂಡದ್ದಕ್ಕೂ ಫ್ಲಾರಿಡಾದಲ್ಲಿ ಪಿನ್ನಿಗೆ ಪಿನ್ ಬದಲಾಯಿಸಿಕೊಳ್ಳುವುದಕ್ಕೂ ನಿಯಮದಲ್ಲಿ ಅಂಥ ವ್ಯತ್ಯಾಸವೇನಿಲ್ಲ.

1977ರಲ್ಲಿ ಕೋಕಾ-ಕೋಲಾ ಭಾರತ ಬಿಟ್ಟು ಹೋಯಿತು. ಆಮೇಲಿನ ಕಾಲ ಮುಂಬಯಿಯ ಪಾರ್ಲೆಯದು: ಕಪ್ಪಗೆ ಥಮ್ಸ್ ಅಪ್, ಕಿತ್ತಳೆ ಬಣ್ಣದ ಗೋಲ್ಡ್ ಸ್ಪಾಟ್, ಬೆಳ್ಳಗೆ ಲಿಮ್ಕಾ. ಎಂಬತ್ತರ ದಶಕದಲ್ಲಿ ಗೋಲ್ಡ್ ಸ್ಪಾಟ್ ಬಾಟಲಿಯ ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ಡಿಸ್ನಿಯ ಜಂಗಲ್ ಬುಕ್ ಪಾತ್ರಗಳು ಇರುತ್ತಿದ್ದವು. ಮೋಗ್ಲಿ ಒಂದರಲ್ಲಿ, ಬಲೂ ಕರಡಿ ಇನ್ನೊಂದರಲ್ಲಿ, ಹುಲಿ ಷೇರ್ ಖಾನ್ ಮತ್ತೊಂದರಲ್ಲಿ. ಭಾರತದಲ್ಲಿ ಇಂದಿಗೂ ಡಿಸ್ನಿ ಪಾರ್ಕ್ ಇಲ್ಲ, ಆದರೆ ಡಿಸ್ನಿ ಮತ್ತು ದೇಸೀ ಕಂಪನಿಯ ಜೋಡಿ ಹೆಸರಿನ ವಸ್ತು ನಮ್ಮ ಮಕ್ಕಳ ಜೇಬಿನಲ್ಲಿ ಅಂದೇ ಇತ್ತು. ಜಂಗಲ್ ಬುಕ್ ಬರೆದ ರಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಹುಟ್ಟಿದ್ದು ಇದೇ ಮುಂಬಯಿಯಲ್ಲಿ, ಜೆ.ಜೆ. ಕಲಾಶಾಲೆಯ ಆವರಣದಲ್ಲಿ. ಅವನ ಕಾಡು ಲಂಡನ್ ಸುತ್ತಿ, ಹಾಲಿವುಡ್ ಸುತ್ತಿ, ಬಾಟಲಿ ಮುಚ್ಚಳವೇರಿ ಹುಟ್ಟೂರಿಗೆ ಮರಳಿತ್ತು.

ಥಮ್ಸ್ ಅಪ್‌ನವರದು ಕ್ರಿಕೆಟ್. ಮುಚ್ಚಳ ಕೂಡಿಟ್ಟು ಕೊಟ್ಟರೆ ಅಂಗೈಯಗಲದ ಪುಸ್ತಕ. ಹೆಬ್ಬೆರಳಿನಿಂದ ಪುಟಗಳನ್ನು ಸರ್ರನೆ ಬಿಟ್ಟರೆ ಆಟಗಾರ ಬ್ಯಾಟು ಬೀಸುತ್ತಾನೆ, ಬೌಲರ್ ಓಡಿ ಬರುತ್ತಾನೆ. ಅದೇ ಹೊತ್ತಿನಲ್ಲಿ ಬಿಗ್ ಫನ್ ಬಬಲ್‌ಗಮ್ಮಿನ ಜತೆ ಓಟ, ವಿಕೆಟ್ಟು ನಮೂದಿಸಿದ ಚಿತ್ರಗಳು ಬರುತ್ತಿದ್ದವು. ಇಷ್ಟು ಓಟ, ಇಷ್ಟು ವಿಕೆಟ್ಟು ಸೇರಿಸಿದರೆ ಬಹುಮಾನ. 1999ರಲ್ಲಿ ಬ್ರಿಟಾನಿಯಾ ಬಿಸ್ಕತ್ತಿನ ಹೊದಿಕೆಯ ಮೇಲೆ ಓಟ ಮುದ್ರಿಸಿ, ನೂರು ಕೂಡಿಸಿದವರಿಗೆ ಪುಸ್ತಿಕೆ ಕೊಟ್ಟು, ಅದೃಷ್ಟವಂತರನ್ನು ಇಂಗ್ಲೆಂಡಿನ ವಿಶ್ವಕಪ್ಪಿಗೇ ಕಳಿಸಿತು. ಊರೂರ ತಿಪ್ಪೆಗಳಲ್ಲಿ ಹುಡುಗರು ಬಿಸ್ಕತ್ತಿನ ಕಾಗದ ಹೆಕ್ಕಿದ ವರ್ಷ ಅದು. 2000ರ ದಶಕದ ಮೊದಲರ್ಧದಲ್ಲಿ ಚಿಪ್ಸ್ ಪೊಟ್ಟಣದೊಳಗೆ ಪೊಕೆಮಾನ್ ಚಿತ್ರದ ಟ್ಯಾಜೊ ಬಿಲ್ಲೆಗಳು ಬಂದವು. ಚಿಪ್ಸ್ ಚೆಲ್ಲಿ ಬಿಲ್ಲೆ ಇಟ್ಟುಕೊಂಡವರು ಇಂದು ಮೂವತ್ತು ದಾಟಿದ ಐಟಿ ನೌಕರರು. ಈಗ ಅದನ್ನೇ ಕೇಳಿದಷ್ಟು ಕೊಟ್ಟು ಕೊಳ್ಳುವವರೂ ಅವರೇ.

ಗೋಲ್ಡ್ ಸ್ಪಾಟ್ ಮುಚ್ಚಳ ಇಂದು ಏಕೆ ಅಪರೂಪ? ಲಕ್ಷಾಂತರ ತಯಾರಾದವು, ಹಾಗಿದ್ದೂ ಸಿಗುವುದಿಲ್ಲ. ಮಕ್ಕಳು ಅವನ್ನು ಸುಮ್ಮನೆ ಇಟ್ಟುಕೊಳ್ಳಲಿಲ್ಲ. ಒಳಗಿನ ಪದರ ಕಿತ್ತರು, ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದರು, ಎರಡು ತೂತು ಕೊರೆದು ದಾರ ಪೋಣಿಸಿ ಗುರ್ರೆನ್ನಿಸಿದರು, ಜೂಜಿನಲ್ಲಿ ಸೋತರು. ಅಳಿದುಳಿದದ್ದನ್ನು ರದ್ದಿಯವ ಒಯ್ದ. 1993ರಲ್ಲಿ ಪಾರ್ಲೆಯ ಪಾನೀಯಗಳನ್ನು ಕೋಕಾ-ಕೋಲಾ ಕೊಂಡುಕೊಂಡಿತು, ಫ್ಯಾಂಟಾಕ್ಕೆ ದಾರಿ ಬಿಡಲು ಗೋಲ್ಡ್ ಸ್ಪಾಟ್ ಮಾರುಕಟ್ಟೆಯಿಂದಲೇ ಹೊರಟುಹೋಯಿತು. ಮುಚ್ಚಳಕ್ಕೆ ಬೆಲೆ ಬರಲು ಇಷ್ಟೆಲ್ಲ ಆಗಬೇಕಾಯಿತು. ಸಂಗ್ರಹದ ಲೋಕದಲ್ಲಿ ಎಷ್ಟು ತಯಾರಾಯಿತು ಎಂಬ ಲೆಕ್ಕಕ್ಕಿಂತ ಎಷ್ಟು ಹಾಳಾಯಿತು ಎಂಬ ಲೆಕ್ಕ ದೊಡ್ಡದು.

ಮುಂಬಯಿಗೆ ತನ್ನದೇ ಥೀಮ್ ಪಾರ್ಕುಗಳು ಬಂದ ಕಥೆಯಲ್ಲೂ ಕಂಪನಿಗಳ ಹೆಸರೇ ಮುಂದೆ. 1989ರಲ್ಲಿ ಗೊರಾಯಿಯಲ್ಲಿ ತೆರೆದ ಎಸ್ಸೆಲ್ ವರ್ಲ್ಡ್‌ನ ಹೆಸರಿನಲ್ಲೇ ಮಾಲಿಕರ ಸಮೂಹದ ಹೆಸರಿತ್ತು. ಸುಭಾಷ್ ಚಂದ್ರ ಅವರ ಎಸ್ಸೆಲ್ ಸಮೂಹಕ್ಕೆ ಆಗ ಇದ್ದ ಒಂದು ಮುಖ್ಯ ಕಸುಬು ಟೂತ್‌ಪೇಸ್ಟಿಗೆ ಟ್ಯೂಬು ಮಾಡಿಕೊಡುವುದು. ಅವರ ಝೀ ಟಿವಿ ಬಂದದ್ದು ಆಮೇಲೆ, 1992ರಲ್ಲಿ. ಮಾರ್ವೆಯಿಂದಲೋ ಬೋರಿವಲಿ ಕಡೆಯಿಂದಲೋ ದೋಣಿ ಹತ್ತಿ ಖಾಡಿ ದಾಟಿ ಹೋಗುತ್ತಿದ್ದ ಶಾಲಾ ಪಿಕ್‌ನಿಕ್ ಉಪನಗರದ ಒಂದು ಇಡೀ ತಲೆಮಾರಿಗೆ ಗೊತ್ತು. ಪಕ್ಕದಲ್ಲೇ 1998ರಲ್ಲಿ ವಾಟರ್ ಕಿಂಗ್‌ಡಮ್ ಬಂತು.

ಖೋಪೋಲಿಯ ಇಮ್ಯಾಜಿಕಾಕ್ಕೆ ಕನ್ನಡ ಕರಾವಳಿಯ ನಂಟಿದೆ. ಅದನ್ನು ಕಟ್ಟಿದವರು ಮನಮೋಹನ ಶೆಟ್ಟಿ. 1978ರಲ್ಲಿ ಅವರು ಆರಂಭಿಸಿದ ಆಡ್‌ಲ್ಯಾಬ್ಸ್ ಮೂಲತಃ ಜಾಹೀರಾತು ಚಿತ್ರಗಳ ಫಿಲ್ಮು ತೊಳೆಯುವ ಪ್ರಯೋಗಾಲಯ. 2001ರಲ್ಲಿ ವಡಾಲಾದಲ್ಲಿ ಗುಮ್ಮಟದ ಐಮ್ಯಾಕ್ಸ್ ಪರದೆ ತಂದದ್ದೂ ಅದೇ ಸಂಸ್ಥೆ. ಸಿನಿಮಾ ವ್ಯವಹಾರ ರಿಲಯನ್ಸ್ ಪಾಲಾದ ಮೇಲೆ ಶೆಟ್ಟರು ಪಾರ್ಕಿನ ಕಡೆ ಹೊರಳಿದರು. 2013ರ ಏಪ್ರಿಲ್‌ನಲ್ಲಿ ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯ ಬಳಿ ಅದು ಆಡ್‌ಲ್ಯಾಬ್ಸ್ ಇಮ್ಯಾಜಿಕಾ ಎಂಬ ಜೋಡಿ ಹೆಸರಿನಲ್ಲಿ ತೆರೆಯಿತು. 1987ರ ಮಿಸ್ಟರ್ ಇಂಡಿಯಾ ಚಿತ್ರದ ಮೇಲೆಯೇ ಅಲ್ಲೊಂದು ಆಟವಿತ್ತು. ಮುಂದೆ ಕಂಪನಿ ಇಮ್ಯಾಜಿಕಾವರ್ಲ್ಡ್ ಆಯಿತು, 2022ರಲ್ಲಿ ಮಲ್ಪಾನಿ ಸಮೂಹದ ಕೈಸೇರಿತು. ಹಾಗಾಗಿ ಮನೆಯ ಫ್ರಿಜ್ಜಿನ ಮೇಲೆ ಆಡ್‌ಲ್ಯಾಬ್ಸ್ ಹೆಸರೂ ಇರುವ ಇಮ್ಯಾಜಿಕಾ ಆಯಸ್ಕಾಂತ ಅಂಟಿಕೊಂಡಿದ್ದರೆ ಅದು ಪಾರ್ಕಿನ ಮೊದಲ ವರ್ಷಗಳದ್ದು. ಕಿತ್ತು ಎಸೆಯಬಾರದು.

ಘಾಟ್ಕೋಪರಿನ ಆರ್ ಸಿಟಿ ಮಾಲ್‌ನಲ್ಲಿ 2013ರಲ್ಲಿ ತೆರೆದ ಕಿಡ್‌ಜೇನಿಯಾ ಮಾತ್ರ ಇವೆಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. 1999ರಲ್ಲಿ ಮೆಕ್ಸಿಕೊ ನಗರದಲ್ಲಿ ಹುಟ್ಟಿದ ಈ ಕಲ್ಪನೆಯಲ್ಲಿ ಪ್ರಾಯೋಜಕರೇ ಆಟ. ಪುಟ್ಟ ಬ್ಯಾಂಕು, ಪುಟ್ಟ ಕಾರ್ಖಾನೆ, ಪುಟ್ಟ ಆಸ್ಪತ್ರೆ, ಬಹುಪಾಲಿನ ಬಾಗಿಲಿಗೆ ನಿಜವಾದ ಕಂಪನಿಗಳ ಫಲಕ. ಮಗು ಸಮವಸ್ತ್ರ ತೊಟ್ಟು ಕೆಲಸ ಮಾಡಿ ಕಿಡ್‌ಜೋಸ್ ಎಂಬ ನೋಟು ಸಂಪಾದಿಸುತ್ತದೆ. ಆ ಫಲಕ ಅಲ್ಲಿರಲು ಕಂಪನಿ ದುಡ್ಡು ಕೊಟ್ಟಿರುತ್ತದೆ, ಒಳಗೆ ಬರಲು ಅಪ್ಪ ಅಮ್ಮ ದುಡ್ಡು ಕೊಟ್ಟಿರುತ್ತಾರೆ. ಇದು ಶಿಕ್ಷಣವೋ ಜಾಹೀರಾತೋ ಎಂಬ ಜಗಳ ಹಳೆಯದು. ಎರಡೂ ಹೌದು, ಆದರೆ ಏಳು ವರ್ಷದ ಮಗುವಿಗೆ ಕಂಪನಿಯ ಲಾಂಛನವನ್ನು ಇಷ್ಟು ಮುದ್ದಾಗಿ ಉಣಿಸುವುದನ್ನು ನೋಡಿದಾಗ ಬಿನಾಕಾದ ಒಂಟೆ ಎಷ್ಟೋ ಸಭ್ಯವಾಗಿತ್ತು ಅನ್ನಿಸದಿರದು.

ಪಾರ್ಕಿನ ಹೊರಗೂ ಮುಂಬಯಿಯಲ್ಲಿ ಹೆಸರು ಮಾರಾಟಕ್ಕಿದೆ. ಮೆಟ್ರೊದ ಮೂರನೇ ಮಾರ್ಗದಲ್ಲಿ ಸಿದ್ಧಿವಿನಾಯಕನ ಹೆಸರಿನ ನಿಲ್ದಾಣಕ್ಕೂ ವಿಮಾ ಕಂಪನಿಯ ಹೆಸರು ಅಂಟಿಕೊಂಡಿದೆ. ಮುಂಬಯಿ ಮ್ಯಾರಥಾನ್ 2004ರಿಂದ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಹೆಸರಿನಲ್ಲಿ ಓಡಿತು, 2018ರಿಂದ ಟಾಟಾ ಹೆಸರಿನಲ್ಲಿ ಓಡುತ್ತಿದೆ. ಓಟ ಮುಗಿಸಿದವರ ಪದಕದ ಮೇಲೆ ವರ್ಷ ಮಸುಕಾದರೂ ಪ್ರಾಯೋಜಕನ ಹೆಸರು ಕಾಲ ಹೇಳುತ್ತದೆ. ಐಪಿಎಲ್‌ನದೂ ಹಾಗೆಯೇ: 2008ರಿಂದ 2012ರವರೆಗೆ ಡಿಎಲ್‌ಎಫ್, ಆಮೇಲೆ ಪೆಪ್ಸಿ, ವಿವೊ ಮುಂತಾದವರು, ಈಗ ಟಾಟಾ. 1987ರ ವಿಶ್ವಕಪ್ ರಿಲಯನ್ಸ್ ಕಪ್ ಆಗಿತ್ತು. ವಾಂಖೆಡೆಯ ಸೆಮಿಫೈನಲ್‌ನಲ್ಲಿ ಗ್ರಹಾಂ ಗೂಚ್ ಸ್ವೀಪ್ ಮಾಡಿ ಮಾಡಿಯೇ ಭಾರತವನ್ನು ಮನೆಗೆ ಕಳಿಸಿದ ಆ ಕೂಟದ ಬ್ಯಾಡ್ಜಾಗಲಿ ಟಿಕೆಟ್ಟಾಗಲಿ ಯಾರದಾದರೂ ಮೇಜಿನ ಖಾನೆಯಲ್ಲಿದ್ದರೆ ಅದಕ್ಕೆ ಇಂದು ಗಿರಾಕಿ ಉಂಟು.

ಎನಾಮಲ್ ಪಿನ್ನನ್ನೇ ಹುಡುಕುವ ಹೊಸ ತಲೆಮಾರಿಗೆ ನಗರದಲ್ಲಿ ಎರಡು ಠಾವುಗಳಿವೆ. ಒಂದು ಹಾರ್ಡ್ ರಾಕ್ ಕೆಫೆ. 1971ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ಸರಪಳಿ ಭಾರತಕ್ಕೆ ಮೊದಲು ಬಂದದ್ದು ಮುಂಬಯಿಯ ವರ್ಲಿಗೆ, 2006ರಲ್ಲಿ. ಊರಿನ ಹೆಸರು ಹೊತ್ತ ಗಿಟಾರ್ ಪಿನ್ನುಗಳು ಅದರ ಗುರುತು. ಸ್ತನ ಕ್ಯಾನ್ಸರ್ ಜಾಗೃತಿಗಾಗಿ ಪ್ರತಿ ಅಕ್ಟೋಬರಿನಲ್ಲಿ ಗುಲಾಬಿ ಬಣ್ಣದ ಪಿನ್ ಬರುತ್ತದೆ, ಅದನ್ನು ಕೂಡಿಡುವವರದೇ ಬೇರೆ ಪಂಗಡ. ಇನ್ನೊಂದು ಠಾವು ಕಾಮಿಕ್ ಕಾನ್. 2011ರಿಂದ ಮುಂಬಯಿಗೆ ಬರುತ್ತಿರುವ ಈ ಜಾತ್ರೆಯ ಹೆಸರಿನ ಮುಂದೆ ಕೆಲವು ವರ್ಷ ಮಾರುತಿ ಸುಜುಕಿಯ ಹೆಸರು ಕೂತಿತ್ತು. ಬರಿಗೈಲಿ ಯಾರೂ ಹಿಂದಿರುಗುವುದಿಲ್ಲ, ಟಿಕೆಟ್ಟಿನ ಜತೆಗೇ ಕಾಮಿಕ್ಕು, ಪೋಸ್ಟರು ಏನಾದರೊಂದು ಸಿಗುತ್ತದೆ. ಮಳಿಗೆಗಳಲ್ಲಿ ಮಾರಾಟಕ್ಕೆ ಪಿನ್ನುಗಳಿರುತ್ತವೆ. ಮುಂದೆ ಬೆಲೆ ಬರುವುದು ಕೊಂಡ ಪಿನ್ನಿಗೋ ಪುಕ್ಕಟೆ ಬಂದ ಪೋಸ್ಟರಿಗೋ ಎಂದು ಕೇಳಿದರೆ ಅನುಭವಿಗಳು ಎರಡನೆಯದರ ಕಡೆಗೇ ವಾಲುತ್ತಾರೆ.

ಕೋಟಿನ ಮೇಲೆ ಪಿನ್ ಧರಿಸುವ ಹಿರಿಯರ ಪಂಗಡವೂ ಒಂದಿದೆ. ಭಾರತಕ್ಕೆ ಲಯನ್ಸ್ ಕ್ಲಬ್ ಬಂದದ್ದು 1956ರಲ್ಲಿ, ಮುಂಬಯಿಯ ಮೂಲಕ. ಲಯನ್ಸ್‌ನ ಅಂತರರಾಷ್ಟ್ರೀಯ ಸಮಾವೇಶಗಳಲ್ಲಿ ಜಿಲ್ಲೆಗೊಂದು ಪಿನ್ ಮಾಡಿಸಿ ಅದಲುಬದಲು ಮಾಡುವುದು ಡಿಸ್ನಿಗಿಂತ ಎಷ್ಟೋ ಮೊದಲಿನ ಪದ್ಧತಿ. ಹುಬ್ಬಳ್ಳಿಯ ವೈದ್ಯರ, ಮುಲುಂಡಿನ ಹೋಟೆಲ್ ಮಾಲಿಕರ ಹಳೆಯ ಕೋಟು ಕೊಡವಿದರೆ ಒಂದೆರಡು ಬಿದ್ದೇ ಬೀಳುತ್ತವೆ.

ಪಿನ್ನಿನ ಗುಣ ಅರಿಯಲು ಅದನ್ನು ಮಾಡುವ ಬಗೆ ತಿಳಿದಿರಬೇಕು. ಉಕ್ಕಿನ ಅಚ್ಚಿನಿಂದ ಹಿತ್ತಾಳೆ ಅಥವಾ ಕಬ್ಬಿಣದ ತಗಡಿಗೆ ಒತ್ತಿ ಗೆರೆಗಳನ್ನು ಉಬ್ಬಿಸುತ್ತಾರೆ. ಗೆರೆಗಳ ನಡುವಿನ ತಗ್ಗಿಗೆ ಬಣ್ಣ ತುಂಬಿ ಕಾಯಿಸುತ್ತಾರೆ. ಬಣ್ಣ ತಗ್ಗಿನಲ್ಲೇ ಉಳಿದು ಉಗುರಿಗೆ ಗೆರೆ ತಾಕಿದರೆ ಅದು ಸಾಫ್ಟ್ ಎನಾಮಲ್. ಬಣ್ಣವನ್ನು ಅಂಚಿನ ತನಕ ತುಂಬಿ, ಉಜ್ಜಿ ನುಣ್ಣಗೆ ಮಾಡಿದರೆ ಹಾರ್ಡ್ ಎನಾಮಲ್. ಹಳೆಯ ಕಾಲದ್ದು ಗಾಜಿನ ಪುಡಿ ಕರಗಿಸಿದ ನಿಜವಾದ ಎನಾಮಲ್, ಶತಮಾನ ಕಳೆದರೂ ಬಣ್ಣ ಬಿಡದು. ಜಗತ್ತಿನ ಬಹುಪಾಲು ಪಿನ್ನುಗಳು ಈಗ ಚೀನಾದವು. ಕಡಿಮೆ ಸಂಖ್ಯೆಯ ಕೆಲಸ ಬೇಕಿದ್ದರೆ ಮುಂಬಯಿಯಲ್ಲಿ ಧೋಬಿ ತಲಾವ್ ಇದೆ. ಮೆಟ್ರೊ ಸಿನಿಮಾದ ಸುತ್ತಿನ ಟ್ರೋಫಿ, ಪದಕ, ಕ್ರೀಡಾ ಸಾಮಗ್ರಿಯ ಅಂಗಡಿಗಳು ಶಾಲೆಗಳಿಗೂ ಕ್ಲಬ್ಬುಗಳಿಗೂ ಪರಿಚಿತ.

ನಕಲಿಯ ಕಾಟ ಎಲ್ಲೆಡೆಯೂ ಉಂಟು. ಡಿಸ್ನಿ ಪಿನ್ನುಗಳಲ್ಲಿ ಸ್ಕ್ರ್ಯಾಪರ್ ಎಂದು ಕರೆಸಿಕೊಳ್ಳುವ ಮಾಲು ಹೇರಳ: ತಿರಸ್ಕೃತವಾದವು, ಇಲ್ಲವೇ ಅದೇ ಅಚ್ಚಿನಿಂದ ಕಳ್ಳತನದಲ್ಲಿ ಒತ್ತಿದವು. ಬಣ್ಣ ಗೆರೆ ದಾಟಿರುತ್ತದೆ, ಅಂಚು ತರಚುತ್ತದೆ, ತೂಕ ಕಡಿಮೆ ಇರುತ್ತದೆ. ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಎನಾಮಲ್ ಜಾಹೀರಾತು ಫಲಕ, ಸಿನಿಮಾ ಪೋಸ್ಟರುಗಳ ಮರುಮುದ್ರಣ ರಾಜಾರೋಷವಾಗಿ ನಡೆಯುತ್ತದೆ. ನೋಡಲು ಚಂದ, ಕೊಳ್ಳಲೂಬಹುದು, ಹಳೆಯದೆಂದು ಮಾತ್ರ ನಂಬಬಾರದು. ತುಕ್ಕು ನಾಲ್ಕೂ ಮೂಲೆಯಲ್ಲಿ ಒಂದೇ ಅಳತೆಯಲ್ಲಿ ಹಿಡಿದಿದ್ದರೆ ಅದು ಮಳೆಗಾಲದ ತುಕ್ಕಲ್ಲ, ಆಸಿಡ್ಡಿನದು. ಎರಡು ಹೆಸರಿನ ವಸ್ತುಗಳಲ್ಲಿ ಪರೀಕ್ಷೆ ಇನ್ನೂ ಸುಲಭ: ಆ ಇಬ್ಬರ ಒಪ್ಪಂದದ ವರ್ಷಗಳಿಗೂ ವಸ್ತುವಿನ ಮೇಲಿನ ಲಾಂಛನದ ರೂಪಕ್ಕೂ ತಾಳೆ ಬೀಳಬೇಕು. ಬೀಳದಿದ್ದರೆ ಮುಂದಿನ ಅಂಗಡಿ.

ಮುಂಬಯಿ ಕನ್ನಡಿಗರಿಗೆ ಪ್ರಾಯೋಜಕತ್ವದ ಪರಿಚಯ ಬೇರೆ ದಾರಿಯಿಂದ ಚೆನ್ನಾಗಿಯೇ ಇದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಿಂದ ಕುರ್ಲಾದ ಬಂಟರ ಭವನದವರೆಗೆ ಯಾವ ಸಮಾರಂಭದಲ್ಲೂ ಎದೆಗೆ ಸಿಕ್ಕಿಸುವ ಬ್ಯಾಡ್ಜು ಉಂಟು, ಜಾಹೀರಾತಿನಿಂದ ಕೊಬ್ಬಿದ ಸ್ಮರಣ ಸಂಚಿಕೆ ಉಂಟು. ಉಪನಗರದ ಯಾವ ಗಲ್ಲಿಯಲ್ಲಿ ಯಾವ ಹೆಸರಿನ ಹೋಟೆಲು ಯಾವಾಗ ಇತ್ತು ಎಂದು ಹುಡುಕುವವರಿಗೆ ಆ ಜಾಹೀರಾತು ಪುಟಗಳು ಲೇಖನಗಳಿಗಿಂತ ಹೆಚ್ಚು ಹೇಳುತ್ತವೆ. ಸಂಚಿಕೆಯ ಕವಿತೆಗಳನ್ನು ಕತ್ತರಿಸಿ ಇಟ್ಟುಕೊಂಡು ಜಾಹೀರಾತು ಎಸೆದವರು ತಪ್ಪು ಪುಟ ಎಸೆದರು.

ಇನ್ನು ಉಡುಪಿ ಹೋಟೆಲುಗಳು. ತಂಪು ಪಾನೀಯದ, ಐಸ್‌ಕ್ರೀಮಿನ, ಚಹಾದ ಕಂಪನಿಗಳು ಗಲ್ಲಾದ ಹಿಂದಿನ ಗೋಡೆಗೆ ಗಡಿಯಾರ, ಬಾಗಿಲಿಗೆ ಫಲಕ, ಮೇಜಿಗೆ ತಟ್ಟೆ, ಬಾಟಲಿ ತೆರೆಯುವ ಚಾವಿ ಕೊಟ್ಟದ್ದು ಈ ಹೋಟೆಲುಗಳಿಗೇ. ಒಂದು ಬದಿ ಕಂಪನಿಯ ಹೆಸರು, ಇನ್ನೊಂದು ಬದಿ ಹೋಟೆಲಿನ ಹೆಸರು. ಇಂದು ಆ ಹೋಟೆಲುಗಳೆಲ್ಲ ಒಂದೊಂದಾಗಿ ಮರುವಿನ್ಯಾಸಗೊಳ್ಳುತ್ತಿವೆ, ಕಟ್ಟಡಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ, ಅಟ್ಟದ ಮೇಲಿನದು ಕಿಲೋ ಲೆಕ್ಕದಲ್ಲಿ ಗುಜರಿಗೆ ಬೀಳುತ್ತಿದೆ. ಹೋಟೆಲಿನ ಬೀಗ ಬಿಲ್ಡರ್ ಕೈಗೆ ಕೊಡುವ ಮೊದಲು ಮಾಲಿಕರು ಒಮ್ಮೆ ಅಟ್ಟ ಹತ್ತಿ ನೋಡಬೇಕು. ಸಿಕ್ಕಿದ್ದನ್ನು ಬ್ರಾಸೊ ಹಾಕಿ ತಿಕ್ಕುವುದು ಬೇಡ. ಹೊಳಪು ಬಂದಷ್ಟೂ ಬೆಲೆ ಇಳಿಯುತ್ತದೆ. ಒಣ ಕಾಗದದ ಲಕೋಟೆಯಲ್ಲಿಟ್ಟು, ಯಾವ ಕಂಪನಿ, ಯಾವ ವರ್ಷ, ಯಾರು ತಂದುಕೊಟ್ಟರು ಎಂಬುದನ್ನು ಮೇಲೆ ಬರೆದಿಡಬೇಕು. ಹಳೆಯ ಗಲ್ಲಾದಲ್ಲಿ ಕೂತಿದ್ದ ಹಿರಿಯರು ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ.